ಗೆರೆಯ ಹೊರಗೆ ಬಿದ್ದ ಚೆಂಡು

ಇವತ್ತು ಬೆಳಿಗ್ಗೆ ಎಂದಿನಂತೆ ಫಿಲ್ಟರಿಗೆ ಬಿಸಿನೀರು ಸುರಿದು, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ, ಅವರ ಕಾರು ಬಡಾವಣೆಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬಂದು ಇಡ್ಲಿ ಪಾತ್ರೆಯ ಮುಚ್ಚಳ ಹುಡುಕುತ್ತಾ ಮೂಲೆಯ ಕಪಾಟಿಗೆ ಕೈ ಹಾಕಿದಾಗ, ಮುಚ್ಚಳದ ಬದಲು ಬೆರಳಿಗೆ ಸಿಕ್ಕಿದ್ದು ಒಂದು ಪುಟ್ಟ ಹೆಲ್ಮೆಟ್. ಗೊಂಬೆಯ ತಲೆಗೆ ಸರಿಹೋಗುವಷ್ಟು ಚಿಕ್ಕದು, ಕಡುನೀಲಿ ಪ್ಲಾಸ್ಟಿಕ್ಕಿನದು. ಡೆಟ್ರಾಯ್ಟಿನ ಬೇಸ್‌ಬಾಲ್ ಮೈದಾನದಲ್ಲಿ ಐಸ್‌ಕ್ರೀಮನ್ನು ಇಂಥದರಲ್ಲೇ ಹಾಕಿ ಕೊಡುತ್ತಾರೆ. ತಿಂದ ಮೇಲೆ ಬಿಸಾಡಲು ಮನಸ್ಸಾಗದೆ ಜನ ಮನೆಗೆ ತರುತ್ತಾರೆ. ಮೂಗಿನ ಹತ್ತಿರ ಹಿಡಿದೆ. ಎಷ್ಟೋ ಸಲ ತೊಳೆದಿದ್ದರೂ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುರಿದ ಶೇಂಗಾದ ವಾಸನೆ ಇನ್ನೂ ಹೋಗಿರಲಿಲ್ಲ.

ಅದು ಪಕ್ಕದ ಮನೆಯ ಆಂಟಿಯ ವಾಸನೆ...

ನಾವು ಡೆಟ್ರಾಯ್ಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸಿಗೆ ಬಂದಾಗ ಆಂಟಿ ಆಗಲೇ ಆ ಬೀದಿಯ ಹಳಬರು. ಗದಗದ ಕಡೆಯವರು. ಅಂಕಲ್ ಕಾರಿನ ಪ್ಲಾಂಟಿನಲ್ಲಿ ಎಂಜಿನಿಯರ್ ಆಗಿದ್ದವರು, ನಾವು ಬರುವ ಮೊದಲೇ ತೀರಿಹೋಗಿದ್ದರು. ಒಬ್ಬಳೇ ಮಗಳು ಗಂಡ ಮಕ್ಕಳ ಜೊತೆ ಚಿಕಾಗೋ ಪಕ್ಕದ ನೇಪರ್‌ವಿಲ್ಲಿನಲ್ಲಿದ್ದಳು. ಅಂಕಲ್ ಬಿಟ್ಟುಹೋದದ್ದರಲ್ಲಿ ಆಂಟಿ ಅತ್ಯಂತ ಜೋಪಾನವಾಗಿ ಕಾಪಾಡಿಕೊಂಡದ್ದು ಡೆಟ್ರಾಯ್ಟ್ ತಂಡದ ಹುಚ್ಚನ್ನು. ಇಳಕಲ್ ಸೀರೆಯ ಮೇಲೆ ತಂಡದ ಟೋಪಿ ಹಾಕಿಕೊಂಡು ಗುಲಾಬಿ ಗಿಡಗಳಿಗೆ ನೀರು ಬಿಡುತ್ತಿದ್ದರು. ಏಪ್ರಿಲ್‌ನಲ್ಲಿ ಎಲ್ಲರಿಗೂ ಆಸೆ ಇರುತ್ತದೆ, ಅಕ್ಟೋಬರಿನಲ್ಲಿ ಗೆದ್ದವರ ಹಿಂದೆ ಎಲ್ಲರೂ ಓಡುತ್ತಾರೆ, ಜುಲೈ ತಿಂಗಳ ಸೆಕೆಯಲ್ಲಿ ಸೋಲುವ ತಂಡದ ಜೊತೆ ಕೂತವರೇ ನಿಜವಾದವರು ಎನ್ನುವುದು ಅವರ ಸಿದ್ಧಾಂತ.

ನನಗೆ ಬೇಸ್‌ಬಾಲಿನ ಗಂಧವೂ ಇರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಥ್ರೋಬಾಲ್, ಮನೆಯಲ್ಲಿ ಅಣ್ಣಂದಿರ ಕ್ರಿಕೆಟ್. ಆ ವರ್ಷ ಬೇಸಿಗೆಯಲ್ಲಿ ಆಂಟಿ, ನಿನಗೆ ನಾನು ಕಲಿಸುತ್ತೇನೆ, ರಾತ್ರಿ ಆಟ ನೋಡು, ಬೆಳಿಗ್ಗೆ ಬಂದು ನನಗೆ ಒಪ್ಪಿಸು ಎಂದರು. ಸಂಜೆ ಬಟ್ಟೆ ಮಡಚುವಾಗ ಹೇಗೂ ಟಿವಿ ಹಾಕಿರುತ್ತೇನೆ, ಒಪ್ಪಿಕೊಂಡೆ. ಯಜಮಾನರು ಹೊರಟ ಮೇಲೆ ಬೇಲಿಯ ಹತ್ತಿರ ಹೋದರೆ ಆಂಟಿ ಟೋಪಿ ಸರಿಮಾಡಿಕೊಂಡು, "ನಿನ್ನಿ ಏನಾತು ಹೇಳು ನೋಡೋಣು, ಕಲತೀಯೋ ಇಲ್ಲೋ," ಎನ್ನುತ್ತಿದ್ದರು. ನನ್ನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋಗುತ್ತಿದ್ದವು. ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ಪಾಠ ಒಪ್ಪಿಸುವಾಗ ಹಾಗೇ ನಿಲ್ಲಬೇಕಿತ್ತು. ಯಾರು ಚೆಂಡೆಸೆದರು, ಯಾರು ಹೊಡೆದರು, ಯಾವ ಸರದಿಯಲ್ಲಿ ರನ್ ಬಂತು ಎಂದೆಲ್ಲ ಒಪ್ಪಿಸುತ್ತಿದ್ದೆ. ಸಿಸ್ಟರ್ ತಪ್ಪು ತಿದ್ದುತ್ತಿದ್ದರು. ಆಂಟಿಯೂ ಮೊದಮೊದಲು ತಿದ್ದುತ್ತಿದ್ದರು. ಜುಲೈ ಹೊತ್ತಿಗೆ ತಿದ್ದುವುದು ನಿಂತಿತ್ತು. ನಾನು ಹೇಳಿದ್ದನ್ನು ತುಟಿ ಅಲ್ಲಾಡಿಸುತ್ತಾ ಸುಮ್ಮನೆ ಮತ್ತೆ ಹೇಳಿಕೊಳ್ಳುತ್ತಿದ್ದರು.

ನನಗೆ ಅನುಮಾನದ ಬುದ್ಧಿ ಎಂದು ಯಜಮಾನರು ಹಂಗಿಸುತ್ತಾರೆ. ಅನುಮಾನವಲ್ಲ, ಕಣ್ಣಿಗೆ ಬಿದ್ದದ್ದು ಮನಸ್ಸಿನಿಂದ ಹೋಗುವುದಿಲ್ಲ, ಅಷ್ಟೇ. ನನ್ನ ಅಡುಗೆಮನೆಯ ಸಿಂಕಿನ ಮುಂದೆ ನಿಂತರೆ ಆಂಟಿಯ ಹಾಲ್ ಕಾಣುತ್ತದೆ. ಆಟ ಇರುವ ಸಂಜೆಗಳಲ್ಲಿ ಅವರ ಪರದೆಯ ಮೇಲೆ ಟಿವಿಯ ನೀಲಿ ಬೆಳಕು ಕುಣಿಯುತ್ತಿತ್ತು. ಆ ಜುಲೈಯಲ್ಲಿ ಪರದೆ ಕತ್ತಲಾಗಿಯೇ ಇರುತ್ತಿತ್ತು. ನೋಡದವರಿಗೆ ನನ್ನ ಪಾಠ ಸರಿಯೋ ತಪ್ಪೋ ಹೇಗೆ ಗೊತ್ತಾಗಬೇಕು? ಒಂದು ದಿನ ಅವರ ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ಇನ್ನೊಂದು ದಿನ ಕೊಟ್ಟ ಚಟ್ನಿಪುಡಿಯಲ್ಲಿ ಉಪ್ಪೇ ಇಲ್ಲ. ಚಟ್ನಿಪುಡಿಯ ವಿಷಯದಲ್ಲಿ ಯಾರನ್ನೂ ನಂಬದ ಹೆಂಗಸು ಅವರು.

ಇನ್ನೊಂದು ವಿಷಯವೂ ಇತ್ತು. ಎದುರುಮನೆಯ ಭಾಯಿ ದಾವಣಗೆರೆಯವರು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ, ಹತ್ತು ಗಂಟೆಯ ಸುಮಾರಿಗೆ ಹೊರಡುತ್ತಾರೆ. ನನ್ನ ಪಾಠ ಮುಗಿದ ಸ್ವಲ್ಪ ಹೊತ್ತಿಗೆ ಆಂಟಿ ಮೇಲ್‌ಬಾಕ್ಸಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಟಪಾಲು ಬರುವುದು ಮಧ್ಯಾಹ್ನದ ಮೇಲೆ, ಅದು ಇಡೀ ಬೀದಿಗೆ ಗೊತ್ತು. ಭಾಯಿ ಕಾರು ನಿಲ್ಲಿಸಿ ಗಾಜು ಇಳಿಸುತ್ತಿದ್ದರು. ಇಬ್ಬರೂ ತಗ್ಗಿದ ದನಿಯಲ್ಲಿ ಏನೋ ಮಾತಾಡುತ್ತಿದ್ದರು. ಕಸದ ಡಬ್ಬಿ ಎಳೆದುಕೊಂಡು ನಾನು ಹೊರಗೆ ಬಂದರೆ ಮಾತು ನಿಂತುಬಿಡುತ್ತಿತ್ತು. ಭಾಯಿ ಕೈಯೆತ್ತಿ ಹೊರಟುಹೋಗುತ್ತಿದ್ದರು. ನನಗೇಕೋ, ನೇಪರ್‌ವಿಲ್ಲಿಗೆ ಸುದ್ದಿ ಮುಟ್ಟಿಸುವವರು ಇವರೇ ಇರಬೇಕು ಅನ್ನಿಸಿತು.

ಯಾಕೆಂದರೆ ಸುದ್ದಿ ಬೇಕಾಗಿದ್ದುದು ಅಲ್ಲಿಗೇ. ಮಗಳು ತನ್ನ ಮನೆಯಲ್ಲಿ ಕೆಳಗಿನ ಕೋಣೆ ಖಾಲಿ ಮಾಡಿ, ಬಚ್ಚಲಿಗೆ ಹಿಡಿಕೆ ಹಾಕಿಸಿ, ಅಮ್ಮ ಬಂದುಬಿಡಲಿ ಎಂದು ಕಾಯುತ್ತಿದ್ದಳು. ಆಂಟಿ ಈ ಮನೆ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಿದ್ದರು. ಮಗಳು ಚಿಕಾಗೋ ತಂಡದ ಕಡೆ, ತಾಯಿ ಡೆಟ್ರಾಯ್ಟ್ ಕಡೆ. ಎರಡೂ ತಂಡಗಳದ್ದು ಹಳೆಯ ಪೈಪೋಟಿ. ದಿನಾ ಸಂಜೆಯ ಫೋನಿನಲ್ಲಿ ಇಬ್ಬರೂ ಹಿಂದಿನ ದಿನದ ಆಟದ ಬಗ್ಗೆ ಕಾಲೆಳೆದುಕೊಳ್ಳುವುದು ಮೊದಲಿನಿಂದಲೂ ನಡೆದುಬಂದ ಪದ್ಧತಿ. ಆ ಬೇಸಿಗೆ ಮಾತ್ರ ಆಂಟಿಗೆ ಅದರ ರುಚಿ ಕೆಟ್ಟಿತ್ತು. ಒಮ್ಮೆ ಗುಲಾಬಿಯ ಒಣ ಎಲೆ ಕೀಳುತ್ತಾ ಅವರಾಗಿಯೇ ಹೇಳಿದರು.

"ಮೊದಲ ಆಕಿ ಏನ್ ಕೇಳ್ತಿದ್ದಳು, ನಿಮ್ಮವರು ಮತ್ತ ಸೋತ್ರಲ್ಲಾ ಅಂತ ನಗತಿದ್ದಳು. ಈಗ ಯಾರು ಹೊಡದ್ರು, ಎಷ್ಟನೇ ಇನ್ನಿಂಗ್ಸಿನಾಗ ಹೊಡದ್ರು ಅಂತ ಕೇಳ್ತಾಳ. ಅಕ್ಕರತೀಲೆ ಕೇಳ್ತಾಳೋ, ಪರೀಕ್ಷಾ ಮಾಡ್ತಾಳೋ, ತಿಳಿವಲ್ದು ನನಗ. ಒಂದು ತಪ್ಪು ಹೇಳಿದ್ನೆಂದ್ರ ಕಾರ್ ತಗೊಂಡು ಬರ್ತಾಳ, ನೋಡ್ತಿರು."

ಹೇಳಿ ನನ್ನ ಮುಖವನ್ನೇ ದಿಟ್ಟಿಸಿದರು. ನಾನೂ ಆ ಕಡೆಯವಳೇ ಇರಬಹುದೇ ಎಂದು ತೂಗಿ ನೋಡುವ ನೋಟ ಅದು. ಬೆಳಗಿನ ಪಾಠ ನನಗೆ ಕಲಿಸಲಿಕ್ಕಲ್ಲ, ಸಂಜೆಯ ಪರೀಕ್ಷೆಗೆ ಉತ್ತರ ಕೂಡಿಸಿಕೊಳ್ಳಲಿಕ್ಕೆ ಎಂದು ನನಗೆ ಹೊಳೆದದ್ದು ಆಗಲೇ.

ಜುಲೈ ಮಧ್ಯದಲ್ಲಿ ಆಟಗಾರರಿಗೆಲ್ಲ ಕೆಲವು ದಿನ ಬಿಡುವು. ಆ ದಿನಗಳಲ್ಲಿ ಯಾವ ತಂಡಕ್ಕೂ ಆಟವಿಲ್ಲ. ಆಗಲೂ ಆಂಟಿ ಬೇಲಿಗೆ ಬಂದು ನಿನ್ನೆ ಏನಾಯಿತು ಎಂದರು. ಆಟ ಇರಲಿಲ್ಲ ಆಂಟಿ, ಬಿಡುವಲ್ಲವೇ ಎಂದೆ. ಅವರ ಮುಖ ಬಿಗಿಯಿತು.

"ಖರೇ ಹೇಳು. ಸೋತ್ರೇನು? ನನ್ನ ಮುಂದ ಯಾಕ ಮುಚ್ಚಿಡ್ತಿ?"

ಇಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಈ ಬಿಡುವಿನ ಬಗ್ಗೆ ನನಗೆ ಜೂನ್‌ನಲ್ಲಿ ತಿಳಿಸಿಹೇಳಿದ್ದವರೇ ಅವರು. ತಿರುಗಿ ಮನೆಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೇಲ್‌ಬಾಕ್ಸಿನ ಹತ್ತಿರ ಭಾಯಿಯ ಕಾರು ನಿಂತಿತ್ತು. ಭಾಯಿ ತಲೆಯಾಡಿಸುತ್ತಿದ್ದರು. ಮರುದಿನ ಆಂಟಿ ಏನೂ ಆಗದವರಂತೆ ಬಂದರು, ಆದರೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ನಾನೂ ಆ ವಿಷಯ ಎತ್ತಲಿಲ್ಲ. ಅವರು ತಮ್ಮ ಮರೆವನ್ನು ಮುಚ್ಚಿಡುತ್ತಿದ್ದಾರೆ ಎಂದು ನನಗೆ ಗೊತ್ತು, ನನಗೆ ಗೊತ್ತಾಗಿದೆ ಎಂಬ ಗುಮಾನಿ ಅವರಿಗೆ...

ಬಿಡುವು ಮುಗಿದು ಒಂದು ವಾರವಾಗಿರಬೇಕು, ಚಿಕಾಗೋ ತಂಡ ಡೆಟ್ರಾಯ್ಟಿಗೆ ಬಂತು. ಆ ರಾತ್ರಿ ನಮ್ಮ ಕಡೆಯ ಎತ್ತರದ ಹುಡುಗನೊಬ್ಬ ಚೆಂಡನ್ನು ಬೀಸಿ ಹೊಡೆದ. ಅದು ಆಕಾಶಕ್ಕೆ ಏರಿ, ಬೇಲಿ ದಾಟಿ, ಜನರ ನಡುವೆ ಬಿತ್ತು. ಅದನ್ನು ಹಿಡಿಯಲು ಒಬ್ಬರ ಮೇಲೊಬ್ಬರು ಬಿದ್ದರು. ಕ್ರಿಕೆಟ್ ಮನೆಯಲ್ಲಿ ಬೆಳೆದವಳಿಗೆ ಗೆರೆ ದಾಟಿದರೆ ಸಿಕ್ಸರ್, ಯಾವ ದಿಕ್ಕಿಗೆ ಹೋದರೇನು? ಇಸ್ತ್ರಿಗೆ ಎತ್ತಿಟ್ಟ ಅಂಗಿಗಳ ಮಧ್ಯೆ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆಮೇಲೆ ಇಸ್ತ್ರಿಪೆಟ್ಟಿಗೆ ತರಲು ಒಳಗೆ ಹೋದೆ.

ಬೆಳಿಗ್ಗೆ ಬೇಲಿಯ ಹತ್ತಿರ ನಾನೇ ಮೊದಲು ಶುರುಮಾಡಿದೆ. ಹೋಮ್ ರನ್ ಆಂಟಿ, ಏನು ಎತ್ತರ ಅಂತೀರಿ ಎಂದೆ.

"ಹಳದಿ ಕಂಬದ ಒಳಗ ಹೋತೋ, ಹೊರಗ ಹೋತೋ?" ಎಂದರು ಆಂಟಿ.

ಗೆರೆಯ ತುದಿಯ ಆ ಕಂಬವನ್ನು ನಾನು ಗಮನಿಸಿಯೇ ಇರಲಿಲ್ಲ. ಬೇಲಿ ದಾಟಿ ಜನರ ಮಧ್ಯೆ ಬಿತ್ತು, ನಾನೇ ನೋಡಿದೆ ಎಂದೆ. ಆಂಟಿ ಟೋಪಿಯ ಅಂಚಿನ ಕೆಳಗಿನಿಂದ ನನ್ನನ್ನು ನೋಡಿ ಸಣ್ಣಗೆ ನಕ್ಕರು. ಆ ನಗು ನನಗೆ ಅರ್ಥವಾಗಲಿಲ್ಲ. ಹೊಗಳುತ್ತಿದ್ದಾರೆ ಎಂದುಕೊಂಡೆ.

ಮಾರನೆಯ ದಿನ ಮಗಳು ನನಗೆ ಫೋನ್ ಮಾಡಿದಳು. ನನಗಿಂತ ಸ್ವಲ್ಪ ಚಿಕ್ಕವಳು, ಅಕ್ಕ ಎನ್ನುತ್ತಿದ್ದಳು. ಕ್ಷೇಮಸಮಾಚಾರ ಮುಗಿದ ಮೇಲೆ ದನಿ ಇಳಿಸಿದಳು.

"ಅಕ್ಕ, ಅಮ್ಮ ಮೊನ್ನೆ ಗೇಮ್‌ನಲ್ಲಿ ಹೋಮ್ ರನ್ ಆಯ್ತು ಅಂದ್ರು. ನಾನು ಆ ಗೇಮ್ ವಾಚ್ ಮಾಡಿದೀನಿ. ಅದು ಕಂಬದ ಹೊರಗೆ ಹೋಯ್ತು, ಫೌಲ್ ಬಾಲ್, ರನ್ನೇ ಇಲ್ಲ. ಅಮ್ಮ ಅಂಥದ್ದು ಮಿಸ್ ಮಾಡೋರಲ್ಲ."

ಹಾಗೆ ಹೇಳಿದ್ದು ನಾನು, ಗೊತ್ತಾಗದೆ ಹೇಳಿದೆ ಎಂದೆ. ಅವಳ ಹಿಂದೆ ಮಕ್ಕಳು ಇಂಗ್ಲಿಷಿನಲ್ಲಿ ಜಗಳಾಡುವುದು ಕೇಳುತ್ತಿತ್ತು. ಆಮೇಲೆ ಅವಳು, ಹಾಗಾದರೆ ಅಮ್ಮ ಆಟ ನೋಡುತ್ತಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ನನ್ನ ಕಣ್ಣು ಸಿಂಕಿನ ಮುಂದಿನ ಕಿಟಕಿಗೆ ಹೋಯಿತು. ನನ್ನ ಮೌನವೇ ಅವಳಿಗೆ ಸಾಕಾಯಿತು ಅಂತ ಕಾಣುತ್ತದೆ.

ಆ ಶನಿವಾರವೇ ಕಾರು ಬಂತು. ಆಂಟಿ ಕೂಗಾಡುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಹೆದರಿ ಕಿಟಕಿಯಲ್ಲೇ ನಿಂತಿದ್ದೆ. ಹಾಗೇನೂ ಆಗಲಿಲ್ಲ. ಎಲ್ಲ ಮುಂಚೆಯೇ ಗೊತ್ತಿದ್ದವರಂತೆ ಸೂಟ್‌ಕೇಸು ತುಂಬಿಸಿಕೊಂಡು ಹೊರಗೆ ಬಂದರು. ಮಗಳೇ ಅತ್ತಿದ್ದು. ಆಂಟಿ ಬೇಲಿಯ ಹತ್ತಿರ ಬಂದು, ತುಂಬ ಚಟ್ನಿಪುಡಿ ಹಾಕಿ ಮೇಲೆ ಪೇಪರ್ ಕಟ್ಟಿದ್ದ ಈ ಹೆಲ್ಮೆಟ್ಟನ್ನು ನನ್ನ ಕೈಗಿಟ್ಟರು. ಈ ಸಲ ಉಪ್ಪು ಐತಿ ನೋಡು ಎಂದರು. ಕಾರಿನಲ್ಲಿ ಕೂತು, ಯಾರ ಸಹಾಯವೂ ಇಲ್ಲದೆ ತಾವೇ ಬೆಲ್ಟ್ ಹಾಕಿಕೊಂಡರು. ಅಷ್ಟು ಹಟ ಹಿಡಿದಿದ್ದವರು ಇಷ್ಟು ಸುಲಭವಾಗಿ ಹೋದದ್ದು ನನಗೆ ಒಗಟಾಗಿಯೇ ಉಳಿಯಿತು. ಸೀಸನ್ ಇನ್ನೂ ಅರ್ಧ ಬಾಕಿ ಇತ್ತು.

ಆಮೇಲೆ ನೋಡಿದ್ದು ಒಂದೇ ಸಲ. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋದವರು ಹಾಗೇ ನೇಪರ್‌ವಿಲ್ಲಿಗೆ ಹೋಗಿದ್ದೆವು. ಕೋಣೆ ಚೆನ್ನಾಗಿತ್ತು, ಬಿಸಿಲು ಬರುತ್ತಿತ್ತು. ಟಿವಿಯಲ್ಲಿ ಚಿಕಾಗೋ ತಂಡ ಆಡುತ್ತಿತ್ತು. ಆಂಟಿಗೆ ನನ್ನ ಗುರುತು ಹತ್ತಿತೋ ಇಲ್ಲವೋ ತಿಳಿಯಲಿಲ್ಲ. ಮಗಳು ಕಾಫಿ ತರಲು ಎದ್ದುಹೋದಾಗ ಮಾತ್ರ ನನ್ನ ಸೆರಗು ಹಿಡಿದೆಳೆದು, ನಮ್ಮವರು ಏನಾದ್ರು ಎಂದು ಪಿಸುಗುಟ್ಟಿದರು. ಗೆದ್ದರು ಆಂಟಿ ಎಂದೆ. ಅವರು ನಂಬಿದಂತೆ ಕಾಣಲಿಲ್ಲ... ಅದರ ಮುಂದಿನ ಚಳಿಗಾಲದಲ್ಲಿ ಹೋಗಿಬಿಟ್ಟರು.

ಇವತ್ತು ಇಡೀ ದಿನ ಆ ಹೆಲ್ಮೆಟ್ ಸಿಂಕಿನ ಮುಂದಿನ ಕಿಟಕಿಯಲ್ಲೇ ಇತ್ತು. ಆಂಟಿಯ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಗುಲಾಬಿ ಕಿತ್ತು ಹುಲ್ಲು ಹಾಕಿಸಿದ್ದಾರೆ. ಮತ್ತೆ ಜುಲೈ, ಮತ್ತೆ ನಮ್ಮವರು ಸೋಲುತ್ತಿದ್ದಾರೆ, ಮತ್ತೆ ನಾನು ಬಟ್ಟೆ ಮಡಚುತ್ತಾ ನೋಡುತ್ತೇನೆ. ಈಗ ಹಳದಿ ಕಂಬದ ಒಳಗು ಹೊರಗು ನನಗೆ ಚೆನ್ನಾಗಿ ಗೊತ್ತು. ಒಪ್ಪಿಸುವುದಕ್ಕೆ ಯಾರೂ ಇಲ್ಲ. ಅಂದು ನಾನು ಆ ಕಂಬವನ್ನು ಸರಿಯಾಗಿ ನೋಡಿದ್ದರೆ ಆಂಟಿ ಆ ಸೀಸನ್ನಾದರೂ ತಮ್ಮ ಮನೆಯಲ್ಲೇ ಮುಗಿಸುತ್ತಿದ್ದರು ಎಂಬ ಮಾತು ಇಷ್ಟು ವರ್ಷ ನನ್ನನ್ನು ಬಿಟ್ಟಿರಲಿಲ್ಲ. ಎದುರುಮನೆಯ ಭಾಯಿಯ ಮೇಲೂ ಒಂದು ಮುನಿಸು ಹಾಗೆಯೇ ಉಳಿದಿತ್ತು.

ಸಂಜೆ ಭಾಯಿ ನಮ್ಮ ಏಣಿ ಕೇಳಲು ಬಂದರು. ಅವರ ಮನೆಯ ಸೂರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡಿತ್ತಂತೆ. ಅಡುಗೆಮನೆ ದಾಟಿ ಗ್ಯಾರೇಜಿಗೆ ಹೋಗುವಾಗ ಕಿಟಕಿಯಲ್ಲಿದ್ದದ್ದು ಅವರ ಕಣ್ಣಿಗೆ ಬಿತ್ತು. ಗುರುತು ಹಿಡಿದು ನಕ್ಕರು. ಆಂಟಿ ಒಳ್ಳೇ ಕಿಲಾಡಿ ಎಂದರು. ಅವರು ಏಣಿಯನ್ನು ಹೆಗಲಿಗೇರಿಸಿಕೊಳ್ಳುತ್ತಾ, ಮಳೆಯ ವಿಷಯ ಹೇಳುವಂತೆ ಹೇಳಿದರು.

"ದಿನಾ ನಿಮ್ಮ ಹತ್ರ ಕೇಳಿಕೊಂಡು ನನ್ನ ಹತ್ರ ಬರೋರು ಅಕ್ಕ, ನೀವು ಹೇಳಿದ್ದು ಸರಿ ಐತಾ ಇಲ್ವಾ ಅಂತ ಚೆಕ್ ಮಾಡೋಕೆ. ಆ ಹೋಮ್ ರನ್ ದಿನಾನೂ ಬಂದ್ರು. ಅಲ್ಲ ಆಂಟಿ, ಅದು ಫೌಲ್ ಅಂದೆ. ನಂಗೊತ್ತು ಬಿಡಪ್ಪ ಅಂದ್ರು. ಮಗಳಿಗೆ ಹೋಮ್ ರನ್ ಅಂತಾನೇ ಹೇಳ್ತೀನಿ, ದಿನಾ ಪರೀಕ್ಷೆ ಕೊಟ್ಟು ಕೊಟ್ಟು ಸಾಕಾಗೇತಿ ಅಂದ್ರು. ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ... ಏಣಿ ನಾಳೆ ತಂದುಕೊಡ್ತೀನಿ ಅಕ್ಕ."