ಅವ್ವನ ಎದೆಯ ಮೇಲಿನ ಚಿಪ್ಪು

"ನೀರು" ಎಂದಳು ಅವ್ವ. ಭುಜ ಎತ್ತಿ, ಕತ್ತಿನ ನರ ಬಿಗಿದು ಇನ್ನೊಂದು ಉಸಿರು ಎಳೆದುಕೊಂಡ ಮೇಲೆಯೇ "ಕೊಡು" ಎನ್ನಲು ಅವಳಿಗೆ ಆದದ್ದು. ಲೋಟವನ್ನು ಅವಳ ತುಟಿಗೆ ಹಿಡಿದೆ.

ದಬ್ಬೇಘಟ್ಟದ ಹತ್ತಿರದ ನಮ್ಮ ಮನೆಗೆ ಗ್ಯಾಸ್ ಬಂದ ಮೇಲೂ ಅವಳು ಸ್ನಾನದ ಹಂಡೆಗೆ ಉರಿ ಹಾಕುತ್ತಿದ್ದುದು ತೆಂಗಿನ ಗರಿ, ಮಟ್ಟೆಯಿಂದಲೇ. ಆ ಹೊಗೆ ಅವಳ ಶ್ವಾಸಕೋಶವನ್ನು ವರ್ಷಾನುಗಟ್ಟಲೆ ತಿಂದಿತ್ತು. ಈ ಸಲ ಶೀತ ಎದೆಗಿಳಿದು, ಮಿಕ್ಕಿದ್ದನ್ನೂ ಕಸಿಯುವಂತೆ ಕಂಡಿತು. ತಿಪಟೂರಿನ ಆಸ್ಪತ್ರೆಯವರು ಆಕ್ಸಿಜನ್ ಹಾಕಿ ಬೆಂಗಳೂರಿಗೆ ಕಳಿಸಿದರು. ಜೊತೆಗೆ ನಾನು, ಸೋದರಮಾವ.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಬಿ.ಎಸ್ಸಿ., ಭೌತಶಾಸ್ತ್ರ. ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ತಿಪಟೂರಿಗೆ ಹೋಗಿ, ಬಂದು ಹಸು ಕರೆದು ಓದಿದ್ದು. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಅಂದು ಆ ಡಿಗ್ರಿ ಭಾರವಾಯಿತು. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ಏನು ಕೇಳಿದರೂ ಮಾವ, "ಓದಿರೋಳು ಅವ್ಳು, ಅವ್ಳನ್ನೇ ಕೇಳ್ರಮ್ಮ" ಎನ್ನುತ್ತಿದ್ದ.

ಮೊದಲು ಮಾಸ್ಕ್ ಹಾಕಿದರು. ಮೂಗು ಬಾಯಿ ಮುಚ್ಚಿ ಗಾಳಿಯನ್ನು ಒಳಗೆ ನೂಕುವಂಥದ್ದು. ಅವ್ವ ಕಿತ್ತೆಸೆದಳು. ಮತ್ತೆ ಹಾಕಿದರೆ ವಾಂತಿ ಮಾಡಿಕೊಂಡಳು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

"ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರ್ತಿದೆ. ಇನ್ನೂ ಏರಿದ್ರೆ ಮಂಪರು ಬರುತ್ತೆ. ಮಂಪರು ಬಂದ್ರೆ ಕಾಯೋ ಹಾಗಿಲ್ಲ, ಗಂಟಲಿಗೆ ಪೈಪ್ ಇಳಿಸಿ ವೆಂಟಿಲೇಟರ್ ಹಾಕ್ಲೇಬೇಕು. ಇವರ ಶ್ವಾಸಕೋಶಕ್ಕೆ ಆಮೇಲೆ ಅದನ್ನ ಬಿಡಿಸೋದು ಕಷ್ಟ ಆಗಬಹುದು. ಅದಕ್ಕೆ ಮುಂಚೆ ಇನ್ನೊಂದು ಪ್ರಯತ್ನ ಇದೆ. ಎಲ್ಲ ಕಡೆ ಸಿಗಲ್ಲ, ನಮ್ಮಲ್ಲಿದೆ. ಮಾತು ಕೊಡಲಾರೆ" ಎಂದರು.

ಅದು ಎದೆಯಿಂದ ಹೊಟ್ಟೆಯವರೆಗೆ ಮುಚ್ಚುವ ಪಾರದರ್ಶಕ ಚಿಪ್ಪು. ಅಂಚಿಗೆ ಸ್ಪಂಜು, ಬೆನ್ನ ಹಿಂದೆ ಪಟ್ಟಿ, ಮೇಲೆ ದಪ್ಪ ಕೊಳವೆ. ಯಂತ್ರ ಚಿಪ್ಪಿನೊಳಗಿನ ಗಾಳಿಯನ್ನು ಹೀರುತ್ತದೆ. ಒತ್ತಡ ಇಳಿದಾಗ ಎದೆ ಹಿಗ್ಗುತ್ತದೆ, ಗಾಳಿ ತಾನಾಗಿ ಮೂಗಿನಿಂದ ಒಳಗೆ ಬರುತ್ತದೆ. ಮುಖ ಮುಚ್ಚುವ ಗೋಜಿಲ್ಲ.

ನಾನು ವಿವರಿಸಿದ್ದು ಕೇಳಿ, "ಕುಲುಮೆ ತಿದಿ ಇದ್ದಂಗೆ ಅನ್ನು" ಎಂದ ಮಾವ.

"ಹ್ಞೂಂ ಮಾವ. ತಿದಿ ಅವ್ವಂದೇ. ಎಳೆಯೋ ಕೈ ಮಾತ್ರ ಮಿಷಿನ್ನಿಂದು."

"ಹಾಕ್ಸು ಮತ್ತೆ. ಯಾಕ್ ನಿಂತಿದ್ದೀಯಾ?"

ಆಸ್ಪತ್ರೆಯ ತೆಳು ಅಂಗಿಯ ಮೇಲೆ ಚಿಪ್ಪು ಕಟ್ಟಿದರು. ಯಂತ್ರ ಶುರುವಾಯಿತು. ಚಿಪ್ಪು ಸುಯ್ ಎಂದಿತು, ಎದೆ ಏಳಲಿಲ್ಲ. ಪಟ್ಟಿ ಬಿಗಿದರು, ಬೇರೆ ಅಳತೆಯ ಚಿಪ್ಪು ತಂದರು. ಅದೂ ಸುಯ್. ಅವ್ವನ ಉಗುರು ನೀಲಿಗಟ್ಟಿತು. "ಕೂರ್ತಿಲ್ಲ. ಪೈಪಿಗೆ ರೆಡಿ ಮಾಡ್ಕೊಳ್ಳಿ" ಎಂದು ಡಾಕ್ಟರಮ್ಮ ಒಳಗೆ ಕೂಗಿದರು.

ಎಲ್ಲೋ ಗಾಳಿ ಸೋರುತ್ತಿದೆ ಎಂಬುದೊಂದೇ ತಲೆಯಲ್ಲಿ. ಅಂಚಿನ ಸುತ್ತ ಅಂಗೈ ಆಡಿಸಿದೆ. ಎಡ ಕಂಕುಳ ಕೆಳಗೆ ಬೆರಳಿಗೆ ತಣ್ಣನೆಯ ಗಾಳಿ ತಾಗಿತು, ಆಮೇಲೆ ಒಂದು ದಾರ. ಲಿಂಗ ಕಟ್ಟಿಕೊಳ್ಳುವ ಶಿವದಾರ.

ಮೈಮೇಲಿರುವುದನ್ನೆಲ್ಲ ತೆಗೆಯಿರಿ ಎಂದಾಗ ಅವ್ವ ಬಳೆ, ಸರ ಬಿಚ್ಚಿಕೊಟ್ಟಿದ್ದಳು. ಸದಾ ಎದೆಯ ಮೇಲಿರುವ ಇಷ್ಟಲಿಂಗವನ್ನು ಮಾತ್ರ ಅದನ್ನಿಡುವ ಬೆಳ್ಳಿಯ ಕರಡಿಗೆ ಸಮೇತ ಕಂಕುಳಿಗೆ ಸರಿಸಿ ಬಚ್ಚಿಟ್ಟಿದ್ದಳು. ಅದರ ಮೇಲೆ ಸ್ಪಂಜು ಕೂರುವುದು ಹೇಗೆ?

"ಅವ್ವಾ, ಇದನ್ನ ತೆಗೀಬೇಕು."

"ಬ್ಯಾಡ." ಒಂದು ಉಸಿರು. "ಜೀವ." ಇನ್ನೊಂದು. "ಹೋಗ್ಲಿ."

ಮಾವ ಮುಖ ತಿರುಗಿಸಿದ. ಅವಳು ಬಚ್ಚಿಟ್ಟದ್ದು ಅವನಿಗೂ ಗೊತ್ತಿತ್ತು. "ಮೈಮೇಲೆ ಲಿಂಗ ಇಲ್ದಿದ್ರೆ ಹೆಣಕ್ಕೂ ಕಡೆ ಕಣೇ. ಮಣ್ಣಿಗೂ ಜತೇಲೇ ಹೋಗ್ಬೇಕಾದ್ದು."

"ಮಣ್ಣಿನ ಮಾತು ಈಗ್ಯಾಕ್ ಮಾವ!" ಕೂಗಿಬಿಟ್ಟೆ. "ಪೂಜೆ ಮಾಡ್ವಾಗ ಎಲ್ಲಿರ್ತೈತೆ ಹೇಳು? ಎಡಗೈಲಿ ತಾನೆ? ಅಂಗೈ ಮೈಯಲ್ವಾ?"

ಅವ್ವ ನನ್ನನ್ನೇ ನೋಡುತ್ತಿದ್ದಳು. ಒಳಗಿನಿಂದ ಪೈಪಿನ ತಟ್ಟೆ ಬಂದೇಬಿಟ್ಟಿತು. ಆಗ ಎಡಗೈ ಚಾಚಿದಳು.

ಶಿವದಾರವನ್ನು ಕತ್ತಿನಿಂದ ತೆಗೆದು, ಕರಡಿಗೆಯನ್ನು ಅಂಗೈಗಿಟ್ಟು ಬೆರಳು ಮಡಿಸಿದೆ. ಚಿಪ್ಪು ಕೂತಿತು, ಸುಯ್ ನಿಂತಿತು. ಅವ್ವನ ಎದೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಡಾಕ್ಟರಮ್ಮ ತಟ್ಟೆಯನ್ನು ಪಕ್ಕಕ್ಕಿಡಿಸಿದರು; ವಾಪಸ್ ಕಳಿಸಲಿಲ್ಲ. "ಮಂಪರು ಬಂತು ಅನ್ಸಿದ್ರೆ ಕೂಗಿ" ಎಂದು ನನ್ನನ್ನು ಹತ್ತಿರವೇ ಕೂರಿಸಿದರು.

ಆ ಮಧ್ಯಾಹ್ನ ಹೆದರಿದಷ್ಟು ನಾನು ಯಾವತ್ತೂ ಹೆದರಿಲ್ಲ. ಭುಜ ಎತ್ತುವುದು ಕಡಿಮೆಯಾಯಿತು. ಅದು ಆರಾಮವೋ, ಸೋತದ್ದೋ? ಮಲಗಿ ನಿದ್ದೆ ಮಾಡಿ ಎಷ್ಟೋ ದಿನವಾಗಿದ್ದ ಹೆಂಗಸು, ರೆಪ್ಪೆ ಭಾರವಾಗುತ್ತಿತ್ತು. ನಿದ್ದೆ ಯಾವುದು, ಮಂಪರು ಯಾವುದು ಎಂದು ನನ್ನ ಬಿ.ಎಸ್ಸಿ.ಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣು ಮುಚ್ಚಿತು. ಮಡಿಸಿದ ಬೆರಳು ಸಡಿಲವಾಯಿತು. ಎರಡೂ ಕೈಯಿಂದ ಆ ಮುಷ್ಟಿ ಹಿಡಿದು "ಅವ್ವಾ! ಅವ್ವಾ!" ಎಂದು ಅಲ್ಲಾಡಿಸಿದೆ. ಏಳಲಿಲ್ಲ. ಕಿರುಚಿದೆ. ಡಾಕ್ಟರಮ್ಮ ಓಡಿ ಬಂದರು.

ಅವ್ವ ಒಂದು ಕಣ್ಣು ಬಿಟ್ಟಳು. "ಈಗಿನ್ನೂ ಕಣ್ಣು ಹತ್ತಿತ್ತು, ಮಲಗಾಕೂ ಬುಡಲ್ವಲ್ಲೇ ನೀನು!"

ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಮತ್ತೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಕಾರ್ಬನ್ ಡೈಆಕ್ಸೈಡ್ ಇಳಿಯತೊಡಗಿದೆ ಎಂದು ಅವರು ಬಂದು ಹೇಳುವವರೆಗೂ ಅವಳನ್ನು ನಾನು ನಿದ್ದೆ ಹೋಗಲು ಬಿಡಲಿಲ್ಲ. ಬೈದಳು. ಬೈದಷ್ಟೂ ಬೈಸಿಕೊಂಡೆ.