ಗೋಡೆಯಿಂದ ನಾಲ್ಕಡಿ ಮುಂದಕ್ಕೆ

ಶನಿವಾರ ಬೆಳಗಿನ ಐದೂವರೆ. ಬೂದಿಗೆರೆ ಹತ್ತಿರದ ಹೊಸ ಚರ್ಚಿನಲ್ಲಿ ಲಕ್ಷ್ಮಯ್ಯ ಅಂಗಾತ ಮಲಗಿ, ಚೈನ್ ಪುಲ್ಲಿಗೆ ತೂಗುಹಾಕಿದ ಕಲ್ಲಿನ ಅಡಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದಾರೆ. ಸರಪಳಿ ಹಿಡಿದ ಅಳಿಯ ಮೂರ್ತಿ ಉಸಿರು ಬಿಗಿಹಿಡಿದಿದ್ದಾನೆ. ಕೆಲಸ ನೋಡಲು ಬಂದ ನಾನೂ ಅಷ್ಟೇ.

ಅದು ಬಲಿಪೀಠದ ಮೇಲ್ಗಲ್ಲು. ಐದೂವರೆ ಅಡಿ ಉದ್ದದ ಒಂದೇ ಕಲ್ಲು, ತೂಕ ನಾನೂರು ಕೆ.ಜಿ.ಗೂ ಮೇಲು. ಪಾದ್ರಿಗಳು ರೊಟ್ಟಿ, ದ್ರಾಕ್ಷಾರಸ ಇಟ್ಟು ಪೂಜೆ ಅರ್ಪಿಸುವುದು ಇದರ ಮೇಲೆಯೇ. ನಾಳೆ ಇಲ್ಲಿ ಮೊದಲ ಪೂಜೆ. ಕಲ್ಲು ಬಿರುಕು ಬಿಟ್ಟರೆ ಇನ್ನೊಂದನ್ನು ಕೆತ್ತಲು ನಲವತ್ತು ದಿನ ಬೇಕು.

ಇಷ್ಟು ರಗಳೆ ಯಾಕೆ ಅಂತೀರಾ? ಲಕ್ಷ್ಮಯ್ಯ ಅದನ್ನು ಗೋಡೆಗೇ ಸೇರಿಸಿ ಕೂರಿಸಿಬಿಟ್ಟಿದ್ದರು! ಅರವತ್ತೊಂದರ ಈ ಕಲ್ಲುಕುಟಿಗ ಹದಿನಾರರಿಂದ ಮಾಡಿದ್ದೆಲ್ಲ ಗುಡಿಗಳ ಕೆಲಸ. ಅಲ್ಲಿ ಪೂಜಾರಿಯ ಮುಖ ದೇವರ ಕಡೆಗೆ, ಬೆನ್ನು ಭಕ್ತರ ಕಡೆಗೆ. ಗೋಡೆಯ ಮೇಲೆ ದೊಡ್ಡ ಶಿಲುಬೆ ಕಂಡಿದ್ದೇ ತಡ, ಯಾರನ್ನೂ ಕೇಳದೆ ಕಲ್ಲನ್ನು ಅದರ ಬುಡಕ್ಕೆ ಇಟ್ಟು ಸಿಮೆಂಟ್ ಮೆತ್ತಿದರು.

ಗುರುವಾರ ಬಂದ ಫಾದರ್ ಜಯಕುಮಾರ್ ಕಲ್ಲು ಸವರಿ ನೋಡಿ, ‘ಚೆನ್ನಾಗಿದೆ ಲಕ್ಷ್ಮಯ್ಯನವರೇ, ಆದ್ರೆ ನಾನು ನಿಲ್ಲೋದೆಲ್ಲಿ?’ ಎಂದರಂತೆ. ಅವರು ನಿಲ್ಲಬೇಕಾದದ್ದು ಗೋಡೆಗೂ ಕಲ್ಲಿಗೂ ನಡುವೆ, ಜನರಿಗೆ ಮುಖ ಮಾಡಿ.

ನನಗೆ ಕುತೂಹಲ ತಡೆಯಲಿಲ್ಲ, ಫಾದರನ್ನೇ ಕೇಳಿದೆ. ಅರವತ್ತು ವರ್ಷಗಳ ಹಿಂದಿನವರೆಗೆ ಪಾದ್ರಿಗಳೂ ಜನರ ಜೊತೆ ಒಂದೇ ದಿಕ್ಕಿಗೆ ತಿರುಗಿ ಪೂಜೆ ಮಾಡುತ್ತಿದ್ದರಂತೆ. ಹಳೆಯ ಚರ್ಚುಗಳಲ್ಲಿ ಪೀಠ ಸಾಮಾನ್ಯವಾಗಿ ಗೋಡೆಗೆ ಅಂಟಿಕೊಂಡೇ ಇರುತ್ತಿತ್ತಂತೆ. ‘ನಮ್ಮ ತಾತನ ಕಾಲದ ಪಾದ್ರಿಗಳಾಗಿದ್ರೆ ಇವರಿಗೆ ಶಾಲು ಹೊದಿಸ್ತಿದ್ರು’ ಎಂದು ಫಾದರ್ ನಗುತ್ತಾರೆ.

ಲಕ್ಷ್ಮಯ್ಯನವರಿಗೆ ಮಾತ್ರ ಸಮಾಧಾನವಿಲ್ಲ. ‘ಕೇಳ್ಬೇಕಿತ್ತು ಕಣಪ್ಪಾ. ನಲವತ್ತೈದು ವರ್ಷದ ಕೈ ಅಂತ ಜಂಬ ಬಂದ್ಬಿಟ್ಟಿತ್ತು.’ ಎರಡು ದಿನ ನಿದ್ದೆಗೆಟ್ಟು ಸಿಮೆಂಟ್ ಬಿಡಿಸಿದ್ದಾರೆ. ಬೆರಳ ಗೆಣ್ಣುಗಳೆಲ್ಲ ತರಚಿವೆ.

ಏಳೂವರೆಗೆ ಕಲ್ಲು ನಾಲ್ಕಡಿ ಮುಂದೆ ನೆಟ್ಟ ಕಂಬಗಳ ಮೇಲೆ ಇಳಿಯುತ್ತದೆ. ಕಲ್ಲಿನಲ್ಲಿ ಒಡಕಿದ್ದರೆ ತಟ್ಟಿದಾಗ ದನಿ ಮಂಕಾಗಿರುತ್ತದಂತೆ. ಲಕ್ಷ್ಮಯ್ಯ ಅಂಚಿನುದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ಕಿವಿಗೊಟ್ಟು ಒಂದು ಸುತ್ತು ಬರುತ್ತಾರೆ. ಎಲ್ಲ ಕಡೆಯೂ ಠಣ್ ಠಣ್. ಮೂರ್ತಿ ನೆಲದ ಮೇಲೆ ಕೂತೇಬಿಡುತ್ತಾನೆ.

ಜಾಗ ಸಾಲುತ್ತದೆಯೇ ನೋಡಲು ಫಾದರ್ ಮೊದಲು ಲಕ್ಷ್ಮಯ್ಯನವರನ್ನೇ ಕಲ್ಲಿನ ಹಿಂದೆ ನಿಲ್ಲಿಸುತ್ತಾರೆ. ತಿಂಡಿ ತಂದಿರುವ ಲಕ್ಷ್ಮಯ್ಯನವರ ಹೆಂಡತಿ ಪಿಳ್ಳಮ್ಮ ಮುಂದಿನ ಬೆಂಚಿನಲ್ಲಿ ಕೂತು, ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಲಕ್ಷ್ಮಯ್ಯ ನಾಚಿ, ಅಂಗಿಯ ಮೇಲಿನ ಕಲ್ಲುಪುಡಿ ಕೊಡವಿಕೊಳ್ಳುತ್ತಾರೆ.

‘ಇಷ್ಟು ವರ್ಷ ಕಲ್ಲಿಗೆ ಮುಖ ಮಾಡ್ಕೊಂಡೇ ಕೂತೆ. ಜನ ನೋಡಿದ್ದು ನನ್ನ ಬೆನ್ನೇ,’ ಎನ್ನುತ್ತಾರೆ. ‘ಇಲ್ಲಿ ನಿಂತ್ರೆ ಎಲ್ಲರ ಮುಖ ಕಾಣುತ್ತಲ್ಲಪ್ಪಾ.’