ಸಮುದ್ರಕ್ಕಿಳಿದ ಗಂಡ, ಬಾವಿಗೆ ಬಿದ್ದ ಕೊಡಪಾನ

ಫ್ರೆಂಡ್ಸ್, ನನ್ನ ಗಂಡ ಸಮುದ್ರದ ತಳ ನೋಡಿಕೊಂಡು ನಿನ್ನೆ ಪುಂಜಾಲಕಟ್ಟೆಗೆ ವಾಪಸಾದರು. ದುಬೈಯಿಂದ ಬಂದದ್ದು ಹದಿನೈದು ದಿನದ ರಜೆಯಲ್ಲಿ. ಅದರಲ್ಲಿ ಐದು ದಿನ ಅಂಡಮಾನಿನ ಮೀನುಗಳಿಗೆ. "ಬಕೆಟ್ ಲಿಸ್ಟ್ ಮಾರಾಯ್ತಿ, ಸಾಯುವ ಮೊದಲು ಒಮ್ಮೆ ಸ್ಕೂಬಾ ಮಾಡ್ಬೇಕು" ಅಂದಿದ್ದರು. ಆ ಲಿಸ್ಟಿನಲ್ಲಿ ಮಗಳ ಶಾಲೆಯ ವಾರ್ಷಿಕೋತ್ಸವ ಇರಲಿಲ್ಲ. ಅವಳು ಕುಣಿದದ್ದನ್ನು ಇವರು ಮೊಬೈಲಿನಲ್ಲಿ ನೋಡಿದರು, ಅದೂ ಅರ್ಧ.

ಇವತ್ತು ಬೆಳಿಗ್ಗೆ ಹಗ್ಗ ತುಂಡಾಗಿ ತಾಮ್ರದ ಕೊಡಪಾನ ಬಾವಿಗೆ ಬಿತ್ತು. ಅತ್ತೆಗೆ ಸಂತೋಷವೇ ಆಯಿತು. "ಸಮುದ್ರಕ್ಕೇ ಇಳಿದವನಲ್ವಾ ನೀನು? ಇಳಿ ಮಗ."

"ಅಮ್ಮ, ಅದು ಹಾಗಲ್ಲ. ಅದಕ್ಕೆ ಸಿಲಿಂಡರ್ ಬೇಕು. ಮತ್ತೆ ಅಲ್ಲಿ ಒಬ್ಬ ನಮ್ಮನ್ನು ಹಿಡ್ಕೊಂಡೇ ಇರ್ತಾನೆ."

ಅಂದರೆ ಇಷ್ಟು ದಿನ ಸ್ಟೇಟಸ್ಸಿನಲ್ಲಿ ಈಜಿದ್ದು ಇವರಲ್ಲ, ಹಿಡಿದುಕೊಂಡವನು!

ಸರಿ, ಪಾತಾಳ ಗರಡಿ ತರಲು ಮೂವರೂ ಪಕ್ಕದ ಮನೆಯ ಗಿರಿಜಕ್ಕನಲ್ಲಿಗೆ ಹೋದೆವು. ಬಾವಿಗೆ ಬಿದ್ದದ್ದನ್ನು ಸಿಕ್ಕಿಸಿ ಎಳೆಯುವ ಆ ಕಬ್ಬಿಣದ ಕೊಕ್ಕೆಗಳ ಗೊಂಚಲನ್ನು ಬರಿಗೈಯಲ್ಲಿ ಹೋದವರಿಗೆ ನಮ್ಮಲ್ಲಿ ಯಾರೂ ಕೊಡುವುದಿಲ್ಲ. ಹಿಂದಿರುಗಿಸುವವರೆಗೆ ಒಂದು ಪಾತ್ರೆ ಅಡವಿಡಬೇಕು. ಅತ್ತೆ ಪಾತ್ರೆ ಮರೆತು ಬಂದಿದ್ದರು. "ಇವನನ್ನೇ ಇಟ್ಟುಕೋ ಗಿರಿಜಾ" ಅಂದರು.

ಗಿರಿಜಕ್ಕ ಇವರನ್ನು ಮೇಲಿಂದ ಕೆಳಗೆ ನೋಡಿದರು. "ಬೇಡ ಅಕ್ಕ. ಮನೆಯಲ್ಲಿ ನಿಲ್ಲುವಂಥದ್ದು ಏನಾದ್ರೂ ಇಡಿ."

ನಾನೇ ಓಡಿ ಹೋಗಿ ಒಂದು ತಂಬಿಗೆ ತಂದೆ. ಕೊಡಪಾನ ಮೇಲೆ ಬಂತು, ತಂಬಿಗೆಯೂ ಮನೆಗೆ ಬಂತು. ಇವರ ವಿಮಾನ ನಾಡಿದ್ದು.